ಕಾಕಾ ಮತ್ತು ಬೈಗುಳದ ವಹಿ

ಬೈಯುವುದರಲ್ಲಿ ನುರಿತವರು ಊರಿಗೆ ನೂರು ಜನ ಸಿಗುತ್ತಾರೆ, ನನ್ನನ್ನೂ ಸೇರಿಸಿ. ಬೈಸಿಕೊಳ್ಳುವುದರಲ್ಲಿ ನುರಿತವರು ಅಪರೂಪ. ನಾನು ಕಂಡದ್ದು ಒಬ್ಬರನ್ನೇ. ಹೋದ ತಿಂಗಳು ಅವರು ತೀರಿಕೊಂಡರೆಂದು ಇಳಕಲ್‌ನಿಂದ ಹಳೆಯ ನೆರೆಮನೆಯಾಕೆ ಫೋನು ಮಾಡಿದಳು. ಬಾಗಲಕೋಟೆ ನವನಗರದ ಮನೆಯಲ್ಲಿ ನಾನಾಗ ರೊಟ್ಟಿ ಬಡಿಯುತ್ತಿದ್ದೆ. ಹಂಚಿನ ಮೇಲಿದ್ದ ರೊಟ್ಟಿ ಕರಕಲಾಯಿತು. ಬೇರೆ ದಿನವಾಗಿದ್ದರೆ ರೊಟ್ಟಿಗೂ ಹಂಚಿಗೂ ಸೇರಿಸಿ ಏನಾದರೂ ಅನ್ನುತ್ತಿದ್ದೆ. ಆ ದಿನ ಸುಮ್ಮನೆ ತೆಗೆದು ಪಕ್ಕಕ್ಕಿಟ್ಟೆ.

ಹೆಸರು ಬರೆಯುವುದಿಲ್ಲ. ಇಡೀ ಓಣಿ ಅವರನ್ನು ಕಾಕಾ ಎನ್ನುತ್ತಿತ್ತು, ನಾನೂ ಹಾಗೇ ಕರೆಯುತ್ತಿದ್ದೆ. ಅಷ್ಟು ಸಾಕು.

ಇದು ಎರಡು ಸಾವಿರದ ಆರು, ಏಳರ ಸುಮಾರಿನ ಮಾತು. ನನ್ನ ಗಂಡ ಇಳಕಲ್‌ನಲ್ಲಿ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯೊಂದರಲ್ಲಿ ಮೇಲ್ವಿಚಾರಕರಾಗಿದ್ದರು. ನಾನು ಬಿ.ಕಾಂ. ಮುಗಿಸಿ ಮನೆಯಲ್ಲಿ ಕೂತು ಎಲ್ಲರ ತಲೆ ತಿನ್ನುತ್ತಿದ್ದೆ. ಅದಕ್ಕೇ ಇರಬೇಕು, ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ನೂಲಿನ ಅಂಗಡಿಯೊಂದರ ಅಟ್ಟದ ಮೇಲೆ, ಆರು ಕಂಪ್ಯೂಟರ್ ಇಟ್ಟು ಸೈಬರ್ ಕೆಫೆ ಹಾಕಿಕೊಟ್ಟರು. ಹೆಣ್ಣುಮಗಳು ಕೆಫೆಯಲ್ಲಿ ಕೂರುವುದೇ ಎಂದು ಓಣಿ ಮೊದಲ ವಾರ ಮಾತಾಡಿತು. ಎರಡನೆಯ ವಾರ, ಹೆಣ್ಣುಮಗಳು ಕೂತಿದ್ದಾಳೆ ಎಂಬ ಧೈರ್ಯದ ಮೇಲೆಯೇ ತಮ್ಮ ಮಕ್ಕಳನ್ನು ಅರ್ಜಿ ತುಂಬಲು ಕಳಿಸತೊಡಗಿತು.

ಕಾಕಾ ಬಂದದ್ದು ಜಗಳಕ್ಕೆ. ಅದು ಜಗಳವೆಂದು ನನಗೆ ತಿಳಿದದ್ದು ಮೂರನೆಯ ದಿನ. ಮೊದಲ ದಿನ ಮೆಟ್ಟಿಲು ಹತ್ತಿ ಬಂದು, ಚಪ್ಪಲಿ ಹೊರಗೆ ಬಿಟ್ಟು, "ಚಾ ಆತೇನ್ ಯವ್ವಾ?" ಎಂದು ಕೇಳಿ ಹೋದರು. ಎರಡನೆಯ ದಿನ ನನ್ನ ತವರು ಯಾವುದು, ಹಳೇ ಬಾಗಲಕೋಟೆಯ ನಮ್ಮ ಮನೆ ಆಲಮಟ್ಟಿ ಅಣೆಕಟ್ಟಿನ ನೀರಲ್ಲಿ ಹೋಯಿತೇ, ನವನಗರದಲ್ಲಿ ಅಪ್ಪ ಅವ್ವ ಹೊಂದಿಕೊಂಡರೇ ಎಂದೆಲ್ಲ ವಿಚಾರಿಸಿದರು. ಮೂರನೆಯ ದಿನ ಎದ್ದು ಹೊರಡುವಾಗ ಬಾಗಿಲಲ್ಲಿ ನಿಂತು, "ಒಂದ್ ಸಣ್ಣ ಮಾತು. ನಿನ್ನ ಜನರೇಟರಿನ ಹೊಗಿ ನೇರ ನಮ್ಮ ಹಿತ್ತಲಕ್ಕ ಬರ್ತದ. ರೇಶ್ಮಿ ಎಳಿ ಒಣಾ ಹಾಕಿರ್ತೀವಿ, ಕರ್ರಗ ಆಗ್ತಾವ," ಎಂದರು. ನಾನಾಗಿದ್ದರೆ ಮೊದಲ ದಿನವೇ ಕೆಳಗೆ ನಿಂತು ಓಣಿ ಕೂಡಿಸುತ್ತಿದ್ದೆ. ಅಂದೇ ಜನರೇಟರ್ ಈಚೆಗೆ ತಿರುಗಿಸಿದೆವು.

ಅವರು ಕೈಮಗ್ಗದ ನೇಕಾರರು. ಮಗ್ಗದ ಕುಣಿಯೊಳಗೆ ಕಾಲಿಳಿಬಿಟ್ಟು ಕೂತು ಇಳಕಲ್ ಸೀರೆ ನೇಯುತ್ತಿದ್ದರು. ಒಡಲಿನ ಎಳೆಗೂ ಸೆರಗಿನ ಎಳೆಗೂ ಒಂದೊಂದಾಗಿ ಕೊಂಡಿ ಹಾಕಿ ಜೋಡಿಸುವ ಕೆಲಸವನ್ನು ಅವರೂ ಕಾಕುವೂ ಸೇರಿ ಮಾಡುತ್ತಿದ್ದರು. ಕಾಕು ಎಂದರೆ ಅವರ ಹೆಂಡತಿ, ನನ್ನ ಜಾತಿಯ ಬಾಯಿಯವಳು, ಒಂದು ಮಾತಿಗೆ ನಾಲ್ಕು ಕೊಡುವಾಕೆ. ಎಳೆ ಜೋಡಿಸುತ್ತಾ ಕಾಕು ಊರಿನವರನ್ನೆಲ್ಲ ಬೈಯುವುದು, ಕಾಕಾ ಅವರೆಲ್ಲರ ಪರವಾಗಿ ವಕಾಲತ್ತು ಮಾಡುವುದು, ಅದೇ ಆ ಮನೆಯ ರೇಡಿಯೋ.

ಅವರ ರೀತಿ ಹೇಗಿತ್ತೆಂದು ಹೇಳಲು ಒಂದು ಬಸ್ಸಿನ ಸಂಗತಿ ಸಾಕು. ಹುನಗುಂದಕ್ಕೆ ಹೋಗುವ ಬಸ್ಸಿನಲ್ಲಿ ಒಮ್ಮೆ ನಾನೂ ಇದ್ದೆ. ಒಬ್ಬ ಮನುಷ್ಯ ಇವರ ಕಾಲು ತುಳಿದ, ತುಳಿದವನೇ "ಕಾಲ ಹೊರಗ ಚಾಚಿ ಕುಂತೀಯಲ್ಲೋ ಮುದುಕಾ" ಎಂದು ಗದರಿದ. ಕಾಕಾ ಎದ್ದು ನಿಂತು ಅವನಿಗೆ ತಮ್ಮ ಜಾಗ ಬಿಟ್ಟುಕೊಟ್ಟರು. ಇಳಿದ ಮೇಲೆ ನಾನು ರೇಗಿ ಕೇಳಿದ್ದಕ್ಕೆ, "ಸಿಟ್ಟ ಬಂದವಗ ಮೊದಲ ಕುಂದರಾಕ ಜಾಗಾ ಬೇಕ್ ಯವ್ವಾ. ನಿಂತ್ರ ಅದು ಏರ್ತದ," ಎಂದರು. ಆ ಮನುಷ್ಯ ಕೂತ ಮೇಲೂ ಹುನಗುಂದದ ತನಕ ಗೊಣಗುತ್ತಲೇ ಇದ್ದ ಎಂಬುದನ್ನು ನಾನು ನೆನಪಿಸಬೇಕಾಯಿತು.

ಇನ್ನೊಂದು ಸಲ ಸೀರೆಯ ವ್ಯಾಪಾರಿಯೊಬ್ಬರು ಇವರು ನೇಯ್ದ ಸೀರೆಯನ್ನು ಅತ್ತ ಎಸೆದು, "ಇದೇನ್ ಸೀರಿನೋ ಗೋಣಿಚೀಲಾನೋ," ಎಂದರಂತೆ. ಕಾಕಾ ಸೀರೆಯನ್ನು ಬೆಳಕಿಗೆ ಹಿಡಿದು ಈ ತುದಿಯಿಂದ ಆ ತುದಿಗೆ ನೋಡಿದರು. ಒಂದು ಎಳೆಯೂ ತಪ್ಪಿರಲಿಲ್ಲ. ಆಮೇಲೆ ಬಹಳ ಕಾಳಜಿಯಿಂದ, "ಸಾವಕಾರ್ರ, ಒಮ್ಮಿ ಕಣ್ಣ ತೋರಿಸ್ಕೋರಿ. ಬಾಗಲಕೋಟ್ಯಾಗ ಛಲೋ ಡಾಕ್ಟರ್ ಅದಾರ," ಎಂದರು. ಅಂಗಡಿಯವರೆಲ್ಲ ಹೊಟ್ಟೆ ಹಿಡಿದು ನಕ್ಕರು. ಸಾಹುಕಾರರು ಆರು ತಿಂಗಳು ಇವರೊಡನೆ ಮಾತು ಬಿಟ್ಟರು. ಯಾಕೆ ಬಿಟ್ಟರೆಂದು ಕಾಕಾಗೆ ಕೊನೆಗೂ ತಿಳಿಯಲಿಲ್ಲ. ಅವರು ಖರೆಯಾಗಿಯೇ ಕಣ್ಣಿನ ಚಿಂತೆ ಮಾಡಿದ್ದರು. ಈ ಸಂಗತಿಯನ್ನು ಆಗ ನಾನೂ ಬರೀ ನಗುವುದಕ್ಕೆ ಬಳಸಿಕೊಂಡೆ.

ಅವರಿಗೊಂದು ಹುಚ್ಚಿತ್ತು, ಚದುರಂಗ. ಬಾದಾಮಿ ಕಡೆಯಿಂದ ಬಂದು ಓಣಿಯಲ್ಲಿ ಟೇಲರ್ ಅಂಗಡಿ ಇಟ್ಟಿದ್ದ ಗೆಳೆಯರೊಬ್ಬರ ಜೊತೆ ಮೂವತ್ತು ವರ್ಷ ಒಂದೇ ಕಟ್ಟೆಯ ಮೇಲೆ ಆಡಿದ್ದರು. ಆ ಕಟ್ಟೆಗೆ ಒಂದು ಕಾಯಿದೆಯಿತ್ತು. ಹೇಳದೆ ಹೊಡೆಯಬಾರದು. ರಾಜನಿಗೆ ಗಂಡಾಂತರ ಬಂದರೆ "ರಾಜನ್ನ ನೋಡ್ಕೋರಿ" ಎನ್ನಬೇಕು. ಎದುರಿನವನ ವಜೀರ ಹೋಗುವಂತಿದ್ದರೆ "ವಜೀರ ಹುಷಾರ್ರಿ" ಎಂದು ಎಚ್ಚರಿಸಿ, ಅವನು ಜಾಗ ಬದಲಿಸಲು ಬಿಡಬೇಕು. ಸುಮ್ಮನಿದ್ದು ಹೊಡೆಯುವುದು ಕಳ್ಳರ ಕೆಲಸ ಎಂದು ಇಬ್ಬರೂ ನಂಬಿದ್ದರು. ಟೇಲರ್ ತೀರಿಕೊಂಡ ಮೇಲೆ ಚದುರಂಗದ ಮಣೆ ಅಟ್ಟ ಸೇರಿತು. ಓಣಿಯಲ್ಲಿ ಇವರೆದುರು ಕೂರುವಷ್ಟು ಆಟ ಬಲ್ಲವರು ಒಬ್ಬಿಬ್ಬರಷ್ಟೇ, ಅವರಿಗೆ ಪುರುಸೊತ್ತಿರಲಿಲ್ಲ.

ಒಂದು ಮಧ್ಯಾಹ್ನ ನನ್ನ ಕೆಫೆಯಲ್ಲಿ ಯಾರದೋ ಪರದೆಯ ಮೇಲೆ ಚದುರಂಗದ ಮಣೆ ಕಂಡು ಕಾಕಾ ನಿಂತೇಬಿಟ್ಟರು. ಬಟನ್ ಒತ್ತಿದರೆ ಯಂತ್ರವೇ ಜಗತ್ತಿನ ಯಾವುದೋ ಮೂಲೆಯಿಂದ ಒಬ್ಬರನ್ನು ಹಿಡಿದು ತಂದು ಎದುರಿಗೆ ಕೂರಿಸುತ್ತದೆ ಎಂದು ನಾನು ವಿವರಿಸಿದೆ. "ಯಾರ ಬರ್ತಾರಂತ ಮೊದಲ ಗೊತ್ತಾಗೂದಿಲ್ಲೇನು?" ಎಂದರು. ಇಲ್ಲ ಎಂದೆ. "ಹಂಗಾರ ಇದು ವರಾ ನೋಡಾಕ ಕುಂತಂಗ ಐತಿ," ಎಂದು ಖುಷಿಪಟ್ಟರು. ಆ ಆಟದ ಜಾಲತಾಣದಲ್ಲಿ ಅವರಿಗೆ 'ಇಳಕಲ್ ಕಾಕಾ' ಎಂಬ ಹೆಸರಿನಲ್ಲಿ ಖಾತೆ ತೆರೆದೆ. ಮರುದಿನದಿಂದ ಮಧ್ಯಾಹ್ನ ಊಟವಾದ ಮೇಲೆ, ಕೆಫೆ ಖಾಲಿ ಇರುವ ಹೊತ್ತಿಗೆ, ಮೂಲೆಯ ಕಂಪ್ಯೂಟರ್ ಅವರದಾಯಿತು.

ಮೊದಮೊದಲು ಬೇರೆ ಪಂಚಾಯಿತಿ. ಕಟ್ಟೆಯ ಆಟದಲ್ಲಿ ಪ್ಯಾದೆ ಯಾವಾಗಲೂ ಒಂದೇ ಮನೆ ನಡೆಯುತ್ತದೆ, ಇಲ್ಲಿ ಮೊದಲ ಸಲ ಎರಡು ಮನೆ ಹಾರಬಹುದು. ರಾಜ ಮತ್ತು ಆನೆ ಒಂದೇ ನಡೆಯಲ್ಲಿ ಜಾಗ ಬದಲಿಸಿದ್ದನ್ನು ನೋಡಿ, "ಯವ್ವಾ, ಕರೆಂಟ್ ಹೆಚ್ಚುಕಡಿಮಿ ಆತೇನ್ ನೋಡು," ಎಂದಿದ್ದರು. ಹದಿನೈದು ದಿನದಲ್ಲಿ ಎಲ್ಲ ಕಲಿತರು, ತಿಂಗಳಲ್ಲಿ ಗೆಲ್ಲತೊಡಗಿದರು. ಆದರೆ ಆಟದ ಪಕ್ಕದಲ್ಲಿ ಮಾತು ಬರೆಯುವ ಪುಟ್ಟ ಕಿಟಕಿ ಇತ್ತಲ್ಲ, ಅದು ಇಂಗ್ಲಿಷಿನದು. ಕಾಕಾಗೆ ಇಂಗ್ಲಿಷಿನ ಒಂದು ಅಕ್ಷರವೂ ಬರುತ್ತಿರಲಿಲ್ಲ. ಹಾಗಾಗಿ ಅವರು ಹೇಳಿದ್ದನ್ನು ನಾನು ಬರೆಯುವುದು, ಆಚೆಯವರು ಬರೆದದ್ದನ್ನು ನಾನು ಓದಿ ಹೇಳುವುದು ಎಂದಾಯಿತು.

ಪ್ರತಿ ಆಟದ ಮೊದಲು "ನಮಸ್ಕಾರ್ರಿ, ಚಾ ಆತೇನ್ರಿ?" ಎಂದು ನಾನು ಬರೆಯಬೇಕು. ನಡುವೆ ರಾಜನಿಗೆ ಕುತ್ತು ಬಂದಾಗಲೆಲ್ಲ, ವಜೀರನಿಗೆ ಕುತ್ತು ಬಂದಾಗಲೆಲ್ಲ, ಕಟ್ಟೆಯ ಎರಡು ಮಾತುಗಳನ್ನು ಇಂಗ್ಲಿಷಿನಲ್ಲಿ ಬರೆಯಬೇಕು. "ಸಾಹೇಬ್ರ ಅಂತ ಸೇರಿಸು, ಮರ್ಯಾದಿ ಇರಲಿ," ಎನ್ನುತ್ತಿದ್ದರು. ಸೇರಿಸುತ್ತಿದ್ದೆ.

ಆಚೆಯಿಂದ ಬರುತ್ತಿದ್ದದ್ದು ಬೈಗುಳ. ಎಲ್ಲರೂ ಅಲ್ಲ, ಆದರೆ ಹತ್ತರಲ್ಲಿ ನಾಲ್ಕು ಜನ. ಮೊದಲ ಸಲ ಓದಿದಾಗ ನನ್ನ ಕಿವಿ ಬಿಸಿಯಾಯಿತು. ನಾನು ಬಾಯಿ ಜೋರಿನವಳು ನಿಜ. ಆದರೂ ತಂದೆಯ ವಯಸ್ಸಿನವರ ಎದುರು ನಿಂತು ಅವರ ತಾಯಿಯ ಬಗ್ಗೆ ಅಂಥ ಮಾತನ್ನು ಬಾಯಿಬಿಟ್ಟು ಹೇಳುವುದು ಹೇಗೆ? ಕಾಕಾ ನನ್ನ ಮುಖ ನೋಡುತ್ತಾ ಕೂತಿದ್ದರು. "ಏನಂತಾರ?"

"ಭಾಳ ಛಲೋ ಆಡ್ತೀರಂತ್ರಿ," ಎಂದೆ.

ಸುಳ್ಳು ಅಷ್ಟು ಸಲೀಸಾಗಿ ಬಂತು, ಆಮೇಲೆ ನಿಲ್ಲಲಿಲ್ಲ. ಹುಟ್ಟಿನ ಬಗ್ಗೆ ಬೈದವನು "ನಿಮ್ಮ ಊರು ಯಾವುದು" ಎಂದು ಕೇಳಿದಂತಾಯಿತು. ಸತ್ತುಹೋಗು ಎಂದವನು "ಮೈಯಾಗ ಆರಾಮ ಅದೀರೇನ್ರಿ" ಎಂದಂತಾಯಿತು. ಇವುಗಳಿಗೆ ಕಾಕಾ ಮನಸ್ಸು ತುಂಬಿ ಉತ್ತರ ಹೇಳುತ್ತಿದ್ದರು. "ಆರಾಮ ಅದೇವ್ರಿ. ನಿಮ್ಮ ಕಡೆ ಮಳಿ ಹ್ಯಾಂಗ ಐತಿ ಕೇಳು." ನಾನು ಕೇಳುತ್ತಿದ್ದೆ. ಈಗಷ್ಟೇ ಹೊಲಸು ಮಾತು ಉಗುಳಿದವನಿಗೆ ಮಳೆಯ ವಿಚಾರ ಕೇಳಿದರೆ ಅವನು ಇನ್ನೂ ಕೆಟ್ಟದಾಗಿ ಬೈಯುತ್ತಿದ್ದ. "ಮಳಿ ಛಲೋ ಆಗೇತಂತ್ರಿ," ಎನ್ನುತ್ತಿದ್ದೆ.

ನನ್ನ ಗಂಡ ಒಂದು ಉಪಾಯ ಹೇಳಿದರು. ಆ ಮಾತಿನ ಕಿಟಕಿಯನ್ನೇ ಮುಚ್ಚಬಹುದು. ಮುಚ್ಚಿದೆ. ಕಾಕಾ ಎರಡು ಆಟ ಆಡಿ ಎದ್ದುಬಿಟ್ಟರು. "ಆ ಕಡೆಯವ್ರು ಇಬ್ರೂ ಮೂಕರಾಗ್ಯಾರ ಇವತ್ತ. ಮಾತಿಲ್ಲದ ಆಟ ಅಂದ್ರ ಸತ್ತವರ ಮನ್ಯಾಗ ಉಣಾಕ ಕುಂತಂಗ ಯವ್ವಾ," ಎಂದರು. ಮತ್ತೆ ತೆರೆದೆ. ಟೇಲರ್ ಹೋದ ಮೇಲೆ ಅವರಿಗೆ ಬೇಕಾಗಿದ್ದದ್ದು ಬರೀ ಆಟವಲ್ಲ, ಎದುರಿಗೆ ಕೂರುವ ಒಬ್ಬ ಮನುಷ್ಯ. ಅದು ನನಗೆ ಅರ್ಥವಾಗಿತ್ತು, ಅದಕ್ಕೇ ಸುಳ್ಳಿನ ಅಡುಗೆ ಮುಂದುವರಿಸಿದೆ.

ಹೀಗೆ ಸುಮಾರು ಒಂದು ವರ್ಷ. ಅಷ್ಟರಲ್ಲಿ ಜಾಲತಾಣದವರಿಂದಲೇ ಎರಡು ಎಚ್ಚರಿಕೆಗಳು ಬಂದವು. ಈ ಹೆಸರಿನವರು ಎದುರಾಳಿಗಳೊಡನೆ ಒರಟಾಗಿ ನಡೆದುಕೊಳ್ಳುತ್ತಾರೆಂದು ದೂರುಗಳಿವೆ, ಮೂರನೆಯ ಸಲವಾದರೆ ಖಾತೆ ಮುಚ್ಚುತ್ತೇವೆ ಎಂದು ಅದರಲ್ಲಿತ್ತು. ಓದಿ ನನಗೆ ನಗು, ಸಿಟ್ಟು ಎರಡೂ ಬಂತು. ಕಾಕಾ ಒರಟರಂತೆ! ಕುಣಿಯಲಾರದವಳಿಗೆ ನೆಲ ಡೊಂಕು, ಸೋತವರು ಹೊಟ್ಟೆಕಿಚ್ಚಿಗೆ ಚಾಡಿ ಹೇಳಿದ್ದಾರೆ ಎಂದುಕೊಂಡೆ. ಅದನ್ನೂ ಮುಚ್ಚಿಟ್ಟೆ.

ಗುಟ್ಟು ಒಡೆದವರು ಕಲ್ಲಿನ ಕಂಪನಿಯೊಂದರ ಗುಮಾಸ್ತರು. ಪತ್ರ ಕಳಿಸಲು ಬಂದು ಪಕ್ಕದ ಕಂಪ್ಯೂಟರಿನಲ್ಲಿ ಕೂತಿದ್ದರು. ಇಂಗ್ಲಿಷ್ ಚೆನ್ನಾಗಿ ಬಲ್ಲವರು, ಇಣುಕುವ ಚಟವೂ ಇತ್ತು. ಜೋರಾಗಿ ನಕ್ಕು, "ಏನ್ ಕಾಕಾ, ಅವ ನಿಮ್ಮ ಹಡದವ್ವಗ ಬೈಯಾಕತ್ತಾನ, ನೀವು ಮಳಿ ಕೇಳಾಕತ್ತೀರಲ್ಲ!" ಎಂದರು.

ಕಾಕಾ ಪರದೆ ನೋಡಿದರು, ಆಮೇಲೆ ನನ್ನನ್ನು. ನಾನು ಕೀಲಿಮಣೆ ನೋಡಿದೆ.

"ಎಷ್ಟ ದಿನದಿಂದ?"

"ಮೊದಲಿಂದ್ರಿ."

ಕಾಕಾ ಆಟವನ್ನು ನಡುವೆಯೇ ಬಿಟ್ಟು, ಚಪ್ಪಲಿ ಮೆಟ್ಟಿಕೊಂಡು ಇಳಿದು ಹೋದರು. ಆಟ ಅರ್ಧಕ್ಕೆ ಬಿಟ್ಟು ಎದ್ದದ್ದನ್ನು ನಾನು ಅಂದೇ ಮೊದಲು ನೋಡಿದ್ದು.

ಎಂಟು ದಿನ ಬರಲಿಲ್ಲ. ಒಂಬತ್ತನೆಯ ದಿನ ಕಾಕು ಬಂದು ಬಾಗಿಲಲ್ಲೇ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಏನಂದಿ ಬೇ ನಮ್ಮವರಿಗೆ? ಮಗ್ಗದ ಮ್ಯಾಲೆ ಕುಂತು ಬರೇ ಎಳಿ ಹರೀತಾರ. ನಾ ಬೈದ್ರೂ ಯಾರ ಪರಾನೂ ಮಾತಾಡವಲ್ರು." ನಾನು ಕೆಫೆಗೆ ಬೀಗ ಹಾಕಿ ಅವಳ ಹಿಂದೆಯೇ ಹೋದೆ.

ಕಾಕಾ ಮಗ್ಗದಿಂದ ಏಳಲಿಲ್ಲ. ನಾನೇ ನೆಲದ ಮೇಲೆ ಕೂತು, ನೊಂದುಕೊಳ್ಳುತ್ತೀರೆಂದು ಹೇಳಲಿಲ್ಲ, ತಪ್ಪಾಯಿತು ಎಂದೆ. ಬೈದವರ ಮೇಲೆ ಅವರಿಗೆ ಸಿಟ್ಟಿದೆ ಎಂದೇ ನಾನು ತಿಳಿದಿದ್ದೆ. ಅದಲ್ಲ.

"ಬೈದದ್ದು ನನಗ," ಎಂದರು. ದನಿ ಏರಿತ್ತು. ಅವರ ಏರಿದ ದನಿಯನ್ನು ನಾನು ಕೇಳಿದ್ದು ಆ ಒಂದೇ ಸಲ. "ಉಂಡದ್ದು ನೀನು. ಒಂದ್ ವರ್ಷ! ಮಂದಿ ಮನಿ ಹೆಣ್ಮಗಳನ್ನ ದಿನಾ ಕುಂದ್ರಿಸಿ ಆ ಹೊಲಸ ಓದಿಸೇನಿ ನಾ. ನನ್ನ ಪಾಲಿಂದು ನನಗ ಕೊಡಬೇಕಿತ್ತಲ್ಲ ಯವ್ವಾ. ನನಗ ಬೈಸ್ಕೊಂಡು ರೂಢಿ ಐತಿ. ನಿನಗ ಎಲ್ಲೈತಿ?"

ನನಗೆ ಅಳು ಬಂತು. ಕಾಕು ನೀರು ತಂದಿಟ್ಟಳು. ಆ ವರ್ಷ ಎಷ್ಟೋ ಸಂಜೆ ಮನೆಗೆ ಹೋಗಿ ಸುಮ್ಮಸುಮ್ಮನೆ ಗಂಡನ ಮೇಲೆ ಹರಿಹಾಯ್ದದ್ದು ಯಾಕೆಂದು ನನಗೆ ಅಲ್ಲಿ ಕೂತಾಗ ತಿಳಿಯಿತು. ಬಾಕಿ ಉಳಿಯಬಾರದೆಂದು ಆ ಎರಡು ಎಚ್ಚರಿಕೆಗಳ ವಿಷಯವನ್ನೂ ಹೇಳಿಬಿಟ್ಟೆ. ಇನ್ನೊಂದು ದೂರು ಬಂದರೆ ಖಾತೆ ಹೋಗುತ್ತದೆ, ಆದರೆ ಬೇರೆ ಹೆಸರಿನಲ್ಲಿ ಎರಡು ನಿಮಿಷದಲ್ಲಿ ತೆರೆಯಬಹುದು ಎಂದೆ.

"ಬ್ಯಾರೆ ಹೆಸರ ಇಟ್ಕೊಳ್ಳಾಕ ನಾ ಏನ್ ಕಳುವ ಮಾಡೇನಿ?" ಎಂದರು. "ಒರಟ ಅಂದ್ರಂತ? ನನಗ?" ಬೈಗುಳ ತಾಗದ ಮನುಷ್ಯನಿಗೆ ಆ ಒಂದು ಮಾತು ತಾಗಿತು. ಹರಿದ ಎಳೆಯೊಂದಕ್ಕೆ ಗಂಟು ಹಾಕಿ, "ಆ ಹೆಸರ ಹೋದ್ರ ಆಟಾ ಮುಗೀತು. ಮತ್ತ ಯಾರ ಕೂಡ ಆಡ್ಲಿ?" ಎಂದರು. ಆಮೇಲೆ ತಮ್ಮಷ್ಟಕ್ಕೇ ಒಂದು ತೀರ್ಮಾನಕ್ಕೆ ಬಂದವರಂತೆ, "ನಾ ಓದಾಕ ಕಲೀತೇನಿ. ಎಲ್ಲಾ ಬ್ಯಾಡ. ಬೈಗುಳ ಅಷ್ಟ ಸಾಕು," ಎಂದರು.

ಹೀಗೆ, ಅರವತ್ತರ ಹತ್ತಿರ ಬಂದ ನೇಕಾರರೊಬ್ಬರು ಇಂಗ್ಲಿಷ್ ಬೈಗುಳ ಕಲಿಯತೊಡಗಿದರು. ಕಲಿಸುವ ಕೆಲಸ ನನ್ನಿಂದಾಗುವಂಥದ್ದಲ್ಲ, ಗಂಡನಿಗೆ ಒಪ್ಪಿಸಿದೆ. ಅವರು ಒಂದು ಇನ್ನೂರು ಪುಟದ ವಹಿ ತಂದು, ಮೊದಲ ಪುಟಗಳಲ್ಲಿ ಮೂವತ್ತು ಬೈಗುಳಗಳನ್ನು ದಪ್ಪ ಅಕ್ಷರದಲ್ಲಿ ಬರೆದು, ಪ್ರತಿಯೊಂದರ ಮುಂದೆ ಕನ್ನಡದಲ್ಲಿ ಅದನ್ನು ಓದುವ ಬಗೆ, ಆಮೇಲೆ 'ಇದು ತಾಯಿಗೆ', 'ಇದು ಹುಟ್ಟಿಗೆ', 'ಇದು ಬುದ್ಧಿಗೆ' ಎಂದು ವಿಂಗಡಿಸಿದರು. ಹಿಂದಿನ ಪುಟದಲ್ಲಿ ನಾನು ಮೂರು ಒಳ್ಳೆಯ ವಾಕ್ಯ ಬರೆದುಕೊಟ್ಟೆ. ನಮಸ್ಕಾರದ್ದು, ರಾಜನದ್ದು, ವಜೀರನದ್ದು. ಅವನ್ನು ನೋಡಿಕೊಂಡು ಒಂದೇ ಬೆರಳಲ್ಲಿ ಅವರೇ ಬರೆಯಬಹುದು, ನಾನು ಬೇಕಾಗಿಲ್ಲ.

ಎಳೆಗೆ ಎಳೆ ಹೊಂದಿಸಿದ ಕಣ್ಣು. ಅಕ್ಷರದ ಹೆಸರು ಗೊತ್ತಿಲ್ಲದೆಯೂ ಆಕಾರಕ್ಕೆ ಆಕಾರ ಹೊಂದಿಸಿ ಹಿಡಿಯುತ್ತಿದ್ದರು. ಬೈಗುಳ ಬಂದಾಗ ವಹಿ ತೆರೆದು, ಬೆರಳಿಟ್ಟು ಹುಡುಕಿ, ಸಿಕ್ಕರೆ ಪೆನ್ಸಿಲಿನಿಂದ ಗುರುತು ಹಾಕುತ್ತಿದ್ದರು. "ಇವ ಬುದ್ಧಿಗಿ ಬೈದಾನ, ನಡೀತದ," ಎಂದು ಆಟ ಮುಂದುವರಿಸುತ್ತಿದ್ದರು. ತಾಯಿಯ ಸಾಲಿನಲ್ಲಿ ಸಿಕ್ಕರೆ ಮಾತ್ರ ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿ, ಆಮೇಲೆ ಆಟಕ್ಕೆ ತಿರುಗುತ್ತಿದ್ದರು. ನಾನು ಹತ್ತಿರ ಹೋದರೆ ವಹಿ ಮುಚ್ಚುತ್ತಿದ್ದರು. ಎರಡು ತಿಂಗಳಾದ ಮೇಲೆ ಒಂದು ತೀರ್ಪು ಕೊಟ್ಟರು. "ಮೂವತ್ತರಾಗ ಏಳೆಂಟ ಅಷ್ಟ ಸುತ್ತಿ ಸುತ್ತಿ ಬರ್ತಾವ. ಇಷ್ಟ ದೊಡ್ಡ ಜಗತ್ತು, ಬೈಗುಳಕ್ಕ ಇಷ್ಟು ಬಡತನಾನ? ನಮ್ಮ ಓಣಿ ನಳದ ಮುಂದ ಒಂದ್ ಮುಂಜಾನಿ ನಿಂತ್ರ ಇದರ ಹತ್ತ ಪಟ್ಟು ಸಿಗ್ತಾವ." ಕಾಕು ಇದನ್ನು ಕೇಳಿ ಸಂತೋಷಪಟ್ಟಳು.

ಅದಾದ ಮೇಲೆ ಒಂದು ಮಧ್ಯಾಹ್ನ ಕೆಫೆಯಲ್ಲಿ ನಾವಿಬ್ಬರೇ. ಯಂತ್ರ ಒಬ್ಬ ಹೊಸಬನನ್ನು ತಂದು ಕೂರಿಸಿತ್ತು. ಕಾಕಾ ಗೆಲ್ಲುವ ಹಂತದಲ್ಲಿದ್ದರು, ರಾಜನ ವಾಕ್ಯವನ್ನು ನಾಲ್ಕೈದು ಸಲ, ವಜೀರನ ವಾಕ್ಯವನ್ನು ಎರಡು ಸಲ ಬರೆದಾಗಿತ್ತು. ಆಚೆಯಿಂದ ಉದ್ದನೆಯದೊಂದು ಬಂತು. ಕಾಕಾ ಬೆರಳಿಟ್ಟು ವಹಿಯ ಪುಟ ಪೂರ್ತಿ ಇಳಿದರು, ಮತ್ತೆ ಮೇಲಿನಿಂದ ಇಳಿದರು.

"ಯವ್ವಾ, ಇಲ್ಲಿ ಬಾ. ಇದರಾಗ ನನ್ನ ವಹ್ಯಾಗಿನದು ಒಂದೂ ಇಲ್ಲ. ಬೈಗುಳ ಅಲ್ಲ ಇದು. ಇದ್ದದ್ದ ಇದ್ದಂಗ ಓದು."

ಇದ್ದದ್ದನ್ನು ಇದ್ದ ಹಾಗೆಯೇ ಓದಿದೆ. "'ನಾ ಈಗ ಕಲಿಯಾಕತ್ತೀನಿ. ನೀವು ಗೆಲ್ಲಾಕತ್ತೀರಿ ಅನ್ನೂದು ನನಗೂ ಕಾಣ್ತದ. ನಡಿ ನಡಿಗೂ ಯಾಕ ಅಣಕಿಸ್ತೀರಿ? ನಾ ನಿಮ್ಮ ಮ್ಯಾಲೆ ದೂರ ಕೊಡ್ತೇನಿ.'"

"ಅಣಕಾ? ನಾ ಎಲ್ಲಿ ಅಣಕಿಸಿದೆ?"

ನಾನು ಮೇಲಕ್ಕೆ ಸರಿಸಿ ಅವರು ಬರೆದದ್ದನ್ನೆಲ್ಲ ಸಾಲಾಗಿ ಓದಿದೆ. "ಸಾಹೇಬ್ರ, ನಿಮ್ಮ ರಾಜನ್ನ ನೋಡ್ಕೋರಿ. ಸಾಹೇಬ್ರ, ವಜೀರ ಹುಷಾರ್ರಿ. ಸಾಹೇಬ್ರ, ನಿಮ್ಮ ರಾಜನ್ನ ನೋಡ್ಕೋರಿ." ಓದುತ್ತಾ ಓದುತ್ತಾ ನನಗೇ ಅದು ಬೇರೆ ಥರ ಕೇಳತೊಡಗಿತು. ಸೋಲುತ್ತಿರುವವನ ಕಿವಿಯಲ್ಲಿ ಯಾರೋ ಕಾಣದವನು ಮತ್ತೆ ಮತ್ತೆ ಇದನ್ನೇ ಹೇಳಿದರೆ ಇನ್ನೇನೆಂದು ಕೇಳಬೇಕು? ಒಂದು ವರ್ಷ ಇದನ್ನೆಲ್ಲ ನನ್ನ ಕೈಯಾರೆ ಬರೆದವಳು ನಾನು. ಕಾಲೇಜು ಓದಿದವಳು. ನನಗೆ ಒಮ್ಮೆಯೂ ಹೊಳೆದಿರಲಿಲ್ಲ.

ಕಾಕಾ ವಹಿ ಕೆಳಗಿಟ್ಟರು. "ಕಟ್ಟಿ ಮ್ಯಾಲೆ ಹೇಳುವಾಗ ಟೇಲರಗ ನನ್ನ ಮಾರಿ, ಅದರ ಮ್ಯಾಲಿನ ನಗಿ ಕಾಣತಿತ್ತು," ಎಂದರು ನಿಧಾನವಾಗಿ. "ಇಲ್ಲಿ ಮಾರಿ ಕಾಣೂದಿಲ್ಲ." ಆಮೇಲೆ, "ಹಂಗಾರ ಉಳದವ್ರೂ ಸುಮ್ಮಸುಮ್ಮಕ ಬೈದಿಲ್ಲ."

"ಎಲ್ರೂ ಹಂಗಲ್ರಿ ಕಾಕಾ. ಕೆಲವ್ರು ಹುಟ್ಟಾ ಹಲ್ಕಾ," ಎಂದೆ. ಅವರು ಕೇಳಿಸಿಕೊಳ್ಳಲಿಲ್ಲ.

ಈ ಹೊಸಬನ ದೂರು ಹೋದರೆ ಅದು ಮೂರನೆಯದು. ಖಾತೆ ಮುಚ್ಚುತ್ತದೆ. ನಾನು ಕೀಲಿಮಣೆ ಎಳೆದುಕೊಂಡು, "ತಡೀರಿ, ಎಲ್ಲಾ ಚಂದಗೆ ತಿಳಿಸಿ ಬರೀತೇನಿ, ನಮ್ಮ ಕಟ್ಟಿ ರೂಢಿ ಹಿಂಗ ಅಂತ," ಎಂದೆ. ಕಾಕಾ ನನ್ನ ಕೈ ಸರಿಸಿದರು.

"ನೀ ಬರದ್ರ ಅದು ನಿನ್ನ ಮಾತಾಗ್ತದ. ತಪ್ಪ ನಂದು."

"ನಿಮಗ ಬರೂದಿಲ್ಲಲ್ರಿ!"

"ಬರ್ತಾವಲ್ಲ, ಮೂವತ್ತು."

ವಹಿಯ ಮೊದಲ ಪುಟ ತೆರೆದು, 'ಇದು ಬುದ್ಧಿಗೆ' ಎಂಬ ಸಾಲಿನಲ್ಲಿ ಬೆರಳು ಆಡಿಸಿದರು. 'ನಾನು', 'ನೀನು', 'ಅಲ್ಲ' ಎನ್ನಲು ಇಂಗ್ಲಿಷಿನಲ್ಲಿ ಹೇಗೆ ಎಂದು ನನ್ನನ್ನು ಕೇಳಿ, ಆ ಮೂರನ್ನು ಚೀಟಿಯ ಮೇಲೆ ಬರೆಸಿಕೊಂಡರು. ನಂತರ ಒಂದೇ ಬೆರಳಿನಿಂದ ಒಂದೊಂದೇ ಅಕ್ಷರ ಹುಡುಕಿ ಒತ್ತತೊಡಗಿದರು. ಪರದೆಯ ಮೇಲಿನ ಆಟದ ಗಡಿಯಾರದಲ್ಲಿ ಅವರ ಹೊತ್ತು ಓಡುತ್ತಿತ್ತು. ಕೈಯಲ್ಲಿ ಗೆದ್ದ ಆಟವಿತ್ತು, ಎರಡು ನಡೆ ನಡೆಸಿದ್ದರೆ ಮುಗಿಯುತ್ತಿತ್ತು. "ಮೊದಲ ನಡಸ್ರಿ, ಆಮ್ಯಾಲ ಬರೀರಿ," ಎಂದೆ. ತಲೆ ಎತ್ತಲಿಲ್ಲ. ಹೊತ್ತು ಮುಗಿದು, ಹೊಸಬ ಗೆದ್ದನೆಂದು ಪರದೆಯ ಮೇಲೆ ಬಂದಾಗಲೂ ಅವರು ಬರೆಯುತ್ತಲೇ ಇದ್ದರು. ಬರೆದು ಮುಗಿಸಿ ಕಳಿಸಿದ್ದು ಇಷ್ಟು: ಐ ಈಡಿಯಟ್. ಯು ನೋ ಈಡಿಯಟ್. ಐ ಸ್ಟುಪಿಡ್. ಯು ನೋ ಸ್ಟುಪಿಡ್.

ಜಗತ್ತು ಅವರಿಗೆ ಕಲಿಸಿದ್ದ ಇಂಗ್ಲಿಷೆಲ್ಲ ಅಷ್ಟೇ. ಅದರಲ್ಲೇ ಕ್ಷಮೆ ಕೇಳಿದ್ದರು. ಆಚೆಯಿಂದ ಏನೂ ಬರಲಿಲ್ಲ. ಒಂದು ನಿಮಿಷ ಆಯಿತು, ಎರಡಾಯಿತು. ಹೋಗಿಬಿಟ್ಟಿರಬೇಕು, ದೂರು ಬರೆಯುತ್ತಿರಬೇಕು ಎಂದುಕೊಂಡೆ. ಕಾಕಾ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

ಆಮೇಲೆ ಒಂದು ಸಾಲು ಮೂಡಿತು. ನಾನು ಓದಿದೆ, ಇನ್ನೊಮ್ಮೆ ಓದಿದೆ.

"ಏನಂತ?"

"'ಇರಲಿ ಬಿಡ್ರಿ, ದೂರ ಕೊಡೂದಿಲ್ಲ. ಇಲ್ಲಿ ಈ ತನಕ ನನಗ ಯಾರೂ ತಪ್ಪಾತು ಅಂದಿಲ್ಲ. ಇನ್ನೊಂದ ಆಟಾ ಆಡೋಣೇನು?' ಅಂತ ಬರದಾರ್ರಿ."

ಕಾಕಾ ನನ್ನ ಮುಖವನ್ನೇ ನೋಡಿದರು. ನೋಡಿ, ಬೇಸರದಿಂದ ತಲೆ ಅಲ್ಲಾಡಿಸಿದರು. "ಇನ್ನೂ ಬಿಡವಲ್ಲಿ ನೀ."

"ಖರೆ ಕಾಕಾ, ಖರೇನ ಹಂಗ ಬರದಾರ್ರಿ."

ಒಂದು ವರ್ಷ ಇಂಥವೇ ಸಿಹಿ ಮಾತುಗಳನ್ನು ಹುಟ್ಟಿಸಿ ಹೇಳಿದ ಬಾಯಿ ನನ್ನದು. ಅಂದು ಅದರಿಂದ ಖರೆ ಹೊರಟರೂ ಅವರು ಹೇಗೆ ನಂಬಬೇಕು? ತಪ್ಪು ಅವರದಲ್ಲ. ಕಾಕಾ ಕನ್ನಡಕ ಒರೆಸಿ ಹಾಕಿಕೊಂಡು ವಹಿ ತೆರೆದರು. ಎಡಗೈಯ ಬೆರಳನ್ನು ಪರದೆಯ ಮೊದಲ ಪದದ ಮೇಲಿಟ್ಟು, ಬಲಗೈಯ ಬೆರಳನ್ನು ವಹಿಯ ಮೇಲಿನಿಂದ ಕೆಳಗೆ ಇಳಿಸಿದರು. ಮೂವತ್ತೂ ನೋಡಿ ಎರಡನೆಯ ಪದಕ್ಕೆ ಸರಿದರು. ಮತ್ತೆ ಮೂವತ್ತು. ಒಂದು ಪದವನ್ನೂ ಬಿಡಲಿಲ್ಲ. ಕೆಳಗೆ ನೂಲಿನ ಅಂಗಡಿಯವರು ಯಾರೊಂದಿಗೋ ಚೌಕಾಸಿ ಮಾಡುವುದು ಕೇಳುತ್ತಿತ್ತು. ನಾನು ಪಕ್ಕದಲ್ಲಿ ನಿಂತಿದ್ದೆ, ಪರೀಕ್ಷೆ ಬರೆದವಳ ಹಾಗೆ.

ಕೊನೆಯ ಪದ ಮುಗಿಸಿ ಅವರು ವಹಿ ಮುಚ್ಚಿದರು.

"ಒಂದೂ ಇಲ್ಲ," ಎಂದರು. ಪಕ್ಕದ ಕುರ್ಚಿಯನ್ನು ನನ್ನ ಕಡೆಗೆ ಎಳೆದರು. "ಕುಂದ್ರು ಯವ್ವಾ. ಈಗ ಹೇಳು, ಏನ್ ಬರದಾನ?"

ನಾನು ಕೂತು ಮೊದಲಿನಿಂದ ಇನ್ನೊಮ್ಮೆ ಹೇಳಿದೆ.